4 ಮತ್ತು 4 ಸೇರಿ 2: ಕಾರಿನ ಸಬ್‌ವೂಫರ್ ಮೂಲಕ ಸರಣಿ–ಸಮಾಂತರ ಜೋಡಣೆಯ ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ವಿದ್ಯುಚ್ಛಕ್ತಿ
ಕಲಿಕಾಂಶ: ರೋಧಕಗಳ ಸರಣಿ ಮತ್ತು ಸಮಾಂತರ ಜೋಡಣೆ, ವಿದ್ಯುತ್ ಸಾಮರ್ಥ್ಯ, ಪ್ರವಾಹದ ಉಷ್ಣ ಪರಿಣಾಮ
ಅವಧಿ: 45 ನಿಮಿಷಗಳ ಎರಡು ತರಗತಿಗಳು
ಸ್ಥಳ: ರಾಂಪುರ, ಮೊಳಕಾಲ್ಮುರು ತಾಲ್ಲೂಕು

ಈ ಸಂದರ್ಭವನ್ನು ಆರಿಸಿಕೊಂಡ ಕಾರಣ

ಸರಣಿ ಮತ್ತು ಸಮಾಂತರ ಜೋಡಣೆಯನ್ನು ನಾವು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲೆ ಮೂರು ರೋಧಕಗಳ ಚಿತ್ರ ಬರೆದು ಕಲಿಸುತ್ತೇವೆ. ಮಕ್ಕಳು ಸೂತ್ರ ಬರೆದುಕೊಳ್ಳುತ್ತಾರೆ, ಲೆಕ್ಕವನ್ನೂ ಮಾಡುತ್ತಾರೆ. ಆದರೆ ‘ಸಮಾಂತರದಲ್ಲಿ ಒಟ್ಟು ರೋಧ ಏಕೆ ಕಡಿಮೆಯಾಗುತ್ತದೆ?’ ಎಂದು ಕೇಳಿದರೆ ‘ಸೂತ್ರ ಹಾಗಿದೆ’ ಎಂಬ ಉತ್ತರ ಬರುತ್ತದೆ. ಬೋಧನಾಭ್ಯಾಸಕ್ಕಾಗಿ ನನಗೆ ರಾಂಪುರದ ಪ್ರೌಢಶಾಲೆಯೊಂದು ದೊರೆತಾಗ, ಈ ಕಲಿಕಾಂಶವನ್ನು ಮಕ್ಕಳ ಸುತ್ತಲಿನ ಯಾವ ವಸ್ತುವಿನಿಂದ ಆರಂಭಿಸಬಹುದು ಎಂದು ಹುಡುಕಿದೆ.

ರಾಂಪುರ ಬಳ್ಳಾರಿ–ಚಳ್ಳಕೆರೆ ಹೆದ್ದಾರಿಯ ಮೇಲಿರುವ ಊರು. ಲಾರಿ, ಕಾರು, ಶೇಂಗಾ ಹೇರಿದ ಟ್ರ್ಯಾಕ್ಟರ್ ದಿನವಿಡೀ ಓಡಾಡುತ್ತವೆ. ಹಾಡಿನ ಮಾತು ಕೇಳಿಸುವ ಮೊದಲೇ ಅದರ ‘ಬೇಸ್’ ಕಿಟಕಿಯ ಸರಳುಗಳನ್ನು ಅದುರಿಸುತ್ತದೆ. ಯಾವುದು ಯಾರ ಮನೆಯ ಗಾಡಿ ಎಂಬುದನ್ನು ಕೆಲವು ಮಕ್ಕಳು ಆ ಅದುರಿನಿಂದಲೇ ಹೇಳುತ್ತಾರೆ. ಸಬ್‌ವೂಫರ್, ಆಂಪ್ಲಿಫೈಯರ್, ಓಮ್, ವ್ಯಾಟ್ ಎಂಬ ಪದಗಳು ಅವರ ಬಾಯಲ್ಲಿ ಆಗಲೇ ಇದ್ದವು. ಅವುಗಳ ಅರ್ಥ ಮಾತ್ರ ಅರೆಬರೆಯಾಗಿತ್ತು. ಪೂರ್ವಜ್ಞಾನವೆಂದರೆ ಹಿಂದಿನ ಪಾಠವಷ್ಟೇ ಅಲ್ಲ, ಮಗು ಬೀದಿಯಿಂದ ತಂದದ್ದೂ ಪೂರ್ವಜ್ಞಾನವೇ ಎಂಬ ಮಾತನ್ನು ಇಲ್ಲಿ ಪ್ರಯೋಗಿಸಿ ನೋಡಲು ನಿರ್ಧರಿಸಿದೆ.

ಕಲಿಕಾ ಉದ್ದೇಶಗಳು

1. ಎರಡು ಸಮ ರೋಧಗಳ ಸರಣಿ ಮತ್ತು ಸಮಾಂತರ ಮೊತ್ತವನ್ನು ಅಳೆದು, ಕಾರಣಸಹಿತ ವಿವರಿಸುವುದು.
2. ರೋಧ ಅರ್ಧವಾದಾಗ ಪ್ರವಾಹ ಮತ್ತು ಸಾಮರ್ಥ್ಯಗಳಿಗೆ ಏನಾಗುತ್ತದೆಂದು ಲೆಕ್ಕ ಹಾಕುವುದು.
3. ಕೊಟ್ಟ ಆಂಪ್ಲಿಫೈಯರ್‌ಗೆ ಹೊಂದುವ ಸಬ್‌ವೂಫರ್ ಜೋಡಣೆಯನ್ನು ಆರಿಸಿ, ಆಯ್ಕೆಯನ್ನು ಸಮರ್ಥಿಸುವುದು.
4. ತಂತಿಯ ದಪ್ಪ ಮತ್ತು ಫ್ಯೂಸಿನ ಸ್ಥಾನಕ್ಕೆ ಕಾರಣ ಹೇಳುವುದು.

ಬೋಧನೋಪಕರಣಗಳು: 1.5 ವೋಲ್ಟಿನ ಸೆಲ್, 10 ಓಮ್‌ನ ಎರಡು ರೋಧಕಗಳು, ಮಲ್ಟಿಮೀಟರ್, ಹಳೆಯ ರೇಡಿಯೊದ 4 ಓಮ್‌ನ ಎರಡು ಸ್ಪೀಕರ್, ಸುಟ್ಟುಹೋದ ಒಂದು ಡಬಲ್ ಕಾಯಿಲ್ ಸಬ್‌ವೂಫರ್. ತರಗತಿಗೆ ಕಾರಿನ ಬ್ಯಾಟರಿಯನ್ನು ತರಲಿಲ್ಲ. ಅದರ ಎರಡು ತುದಿಗಳ ನಡುವೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೂ ನೂರಾರು ಆಂಪಿಯರ್ ಹರಿಯಬಲ್ಲದು. ಕಲಿಯಬೇಕಾದುದೆಲ್ಲ ಒಂದು ಸೆಲ್‌ನಿಂದ ಸಾಧ್ಯವಿದೆ.

ತೊಡಗಿಸಿಕೊಳ್ಳುವಿಕೆ

ಕಪ್ಪುಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ‘4 ಓಮ್‌ನ ಎರಡು ಸ್ಪೀಕರ್‌ಗಳನ್ನು ಸೇರಿಸಿದರೆ ಎಷ್ಟು ಓಮ್?’

ತರಗತಿ ಒಟ್ಟಾಗಿ ‘ಎಂಟು’ ಎಂದಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮಾತ್ರ ‘ಎರಡು ಮಿಸ್’ ಎಂದ. ಎಲ್ಲರೂ ನಕ್ಕರು. ಅವನಿಗೆ ಕೂಡುವ ಲೆಕ್ಕವೂ ಬರುವುದಿಲ್ಲ ಎಂಬ ನಗು ಅದು. ರಜೆಯಲ್ಲಿ ಅವನು ಹೆದ್ದಾರಿ ಪಕ್ಕದ ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಅಲ್ಲಿ ಕಾರುಗಳಿಗೆ ಸ್ಟೀರಿಯೊ ಹಾಕುತ್ತಾರೆ ಎಂದು ಆಮೇಲೆ ತಿಳಿಯಿತು. ವಿಜ್ಞಾನದ ಕಿರುಪರೀಕ್ಷೆಗಳಲ್ಲಿ ಅವನ ಅಂಕ ಕಡಿಮೆ. ಹತ್ತನೆಯದು ಮುಗಿದರೆ ಸಾಕು, ಅಂಗಡಿಗೆ ಸೇರಿಬಿಡುತ್ತೇನೆ ಎನ್ನುವವನು.

‘ಎರಡು ಹೇಗೆ ಬಂತು?’ ಎಂದು ಕೇಳಿದೆ.

‘ಪ್ಯಾರಲಲ್ ಕೊಟ್ರೆ ಎರಡು ಆಗ್ತೈತೆ ಮಿಸ್. ಅಣ್ಣ ಯಾವಾಗ್ಲೂ ಹಂಗೇ ಕೊಡೋದು. ಓಮ್ ಕಡಿಮೆ ಮಾಡಿದಷ್ಟೂ ಪವರ್ ಜಾಸ್ತಿ.’

ಎಂಟು ಎಂದವರಾಗಲಿ, ಎರಡು ಎಂದವನಾಗಲಿ ತಪ್ಪು ಹೇಳಿರಲಿಲ್ಲ. ಹೇಗೆ ಸೇರಿಸಬೇಕು ಎಂಬುದನ್ನು ನನ್ನ ಪ್ರಶ್ನೆ ಬೇಕೆಂದೇ ಬಿಟ್ಟಿತ್ತು. ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಬರೆದು, ಹುಡುಗನ ಕೊನೆಯ ವಾಕ್ಯವನ್ನೂ ಪಕ್ಕದಲ್ಲಿ ಬರೆದೆ: ‘ಓಮ್ ಕಡಿಮೆ ಮಾಡಿದಷ್ಟೂ ಪವರ್ ಜಾಸ್ತಿ.’ ಎರಡೂ ಅವಧಿಗಳಲ್ಲಿ ನಾವು ಪರೀಕ್ಷಿಸಿದ್ದು ಈ ವಾಕ್ಯವನ್ನೇ.

ಅನ್ವೇಷಣೆ

ಚಟುವಟಿಕೆ 1: ಗುಂಪುಗಳು ಒಂದು ಸೆಲ್‌ಗೆ 10 ಓಮ್‌ನ ಒಂದು ರೋಧಕ ಜೋಡಿಸಿ ಪ್ರವಾಹ ಅಳೆದವು. ಲೆಕ್ಕದಂತೆ 0.15 ಆಂಪಿಯರ್ ಬರಬೇಕು. ಎರಡನ್ನು ಸರಣಿಯಲ್ಲಿ ಇಟ್ಟಾಗ 0.075, ಸಮಾಂತರದಲ್ಲಿ ಇಟ್ಟಾಗ 0.30 ಆಂಪಿಯರ್ ಬರಬೇಕು. ಅಳತೆಗಳು ಇವುಗಳಿಗಿಂತ ತುಸು ಕಡಿಮೆ ಬಂದರೂ ‘ಅರ್ಧ’, ‘ಎರಡರಷ್ಟು’ ಎಂಬ ಸಂಬಂಧ ಸ್ಪಷ್ಟವಾಗಿತ್ತು. ಸಮಾಂತರದಲ್ಲಿದ್ದಾಗ ಸೆಲ್‌ನ ತುದಿಗಳ ವಿಭವಾಂತರವನ್ನೂ ಅಳೆಯಲು ಹೇಳಿದೆ, ಅದು 1.5ಕ್ಕಿಂತ ಕೆಳಗಿಳಿದಿತ್ತು. ‘ಬೇಸ್ ಹೊಡೆದಾಗ ಕಾರಿನ ಹೆಡ್‌ಲೈಟ್ ಮಂಕಾಗೋದು ಇದಕ್ಕೇನಾ ಮಿಸ್?’ ಎಂದು ಒಬ್ಬ ಹುಡುಗಿ ಕೇಳಿದಳು. ಹೌದು, ಇದಕ್ಕೇ. ಹೆಚ್ಚು ಪ್ರವಾಹ ಕೇಳಿದಾಗ ಬ್ಯಾಟರಿಯ ಒಳರೋಧ ಮತ್ತು ತಂತಿಯ ರೋಧದಲ್ಲಿ ಸ್ವಲ್ಪ ವಿಭವಾಂತರ ಕಳೆದುಹೋಗುತ್ತದೆ.

ಚಟುವಟಿಕೆ 2: ರೇಡಿಯೊ ಸ್ಪೀಕರಿನ ತುದಿಗಳಿಗೆ ಸೆಲ್ ಅನ್ನು ಕ್ಷಣಮಾತ್ರ ತಾಗಿಸುವುದು. ಸ್ಪೀಕರಿನ ಧನ ತುದಿಗೆ ಸೆಲ್‌ನ ಧನ ತುದಿ ತಾಗಿದರೆ ಕಾಗದದ ಕೋನ್ ಹೊರಕ್ಕೆ ಚಿಮ್ಮುತ್ತದೆ, ತಿರುಗಿಸಿದರೆ ಒಳಕ್ಕೆ ಹೋಗುತ್ತದೆ. ಅಯಸ್ಕಾಂತದ ನಡುವೆ ಇರುವ ತಂತಿಸುರುಳಿಯೇ, ಅಂದರೆ ವಾಯ್ಸ್ ಕಾಯಿಲ್ಲೇ, ಕೋನನ್ನು ತಳ್ಳುತ್ತದೆ. ಎರಡು ಸಬ್‌ವೂಫರ್‌ಗಳಲ್ಲಿ ಒಂದರ ತಂತಿ ತಿರುವುಮುರುವಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಆಗ ಬೇಸ್ ಕುಗ್ಗಿಹೋಗುತ್ತದೆ. ಎಷ್ಟೋ ಸಲ ಹೊಸ ಸ್ಪೀಕರ್ ‘ಸದ್ದೇ ಇಲ್ಲ’ ಎನಿಸುವುದಕ್ಕೆ ಇಷ್ಟೇ ಕಾರಣ. ಸೆಲ್ ತಾಗಿಸಿ ನೋಡಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಚಟುವಟಿಕೆ 3: ಸ್ಪೀಕರಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯುವುದು. ಹಿಂದೆ ‘4 ಓಮ್’ ಎಂದು ಬರೆದಿದ್ದರೂ ಮೀಟರ್ 3.4 ತೋರಿಸಿತು. ‘ಸುಳ್ಳು ಬರ್ದಾರಾ ಮಿಸ್?’ ಎಂಬ ಪ್ರಶ್ನೆ ಬಂತು. ಮೀಟರ್ ಅಳೆಯುವುದು ಏಕಮುಖ ಪ್ರವಾಹಕ್ಕೆ ತಂತಿ ಒಡ್ಡುವ ರೋಧವನ್ನು. ಹಾಡು ಪರ್ಯಾಯ ಪ್ರವಾಹವಾಗಿ ಬರುತ್ತದೆ. ಅದಕ್ಕೆ ಸುರುಳಿ ಒಡ್ಡುವ ಒಟ್ಟು ತಡೆಯ ಹೆಸರು ಇಂಪೀಡೆನ್ಸ್. ಅದು ಸ್ವರದ ಆವೃತ್ತಿಗೆ ತಕ್ಕಂತೆ ಬದಲಾಗುತ್ತದೆ. ಸ್ಪೀಕರಿನ ಮೇಲೆ ಬರೆದ 4 ಎಂಬುದು ಲೆಕ್ಕಕ್ಕೆ ಒಪ್ಪಿಕೊಂಡ ಸಂಖ್ಯೆ. ಮೀಟರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಕಂಡರೆ ಸ್ಪೀಕರ್ ಸರಿಯಾಗಿದೆ ಎಂದೇ ಅರ್ಥ. ಹತ್ತನೆಯ ತರಗತಿಗೆ ಇಷ್ಟು ಸಾಕು.

ಕೊನೆಗೆ, ಹುಡುಗನೇ ಅಂಗಡಿಯಿಂದ ತಂದುಕೊಟ್ಟ ಸುಟ್ಟ ಸಬ್‌ವೂಫರನ್ನು ಎಲ್ಲರ ಕೈಗೂ ಕೊಟ್ಟೆ. ಅದರಲ್ಲಿ 4 ಓಮ್‌ನ ಎರಡು ಕಾಯಿಲ್‌ಗಳಿದ್ದವು. ಒಂದರಲ್ಲಿ ಮೀಟರ್ 3.4 ತೋರಿಸಿತು, ಇನ್ನೊಂದರಲ್ಲಿ ಏನೂ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸುಟ್ಟ ವಾಸನೆ. ‘ಈಗ ಎರಡೂ ಕಾಯಿಲ್‌ಗಳನ್ನು ಸರಣಿಯಲ್ಲಿ ಕೊಟ್ಟರೆ?’ ‘ಸದ್ದೇ ಬರಲ್ಲ.’ ‘ಸಮಾಂತರದಲ್ಲಿ ಕೊಟ್ಟರೆ?’ ‘ಒಂದೇ ಕೆಲಸ ಮಾಡ್ತೈತೆ.’ ಸರಣಿಯಲ್ಲಿ ಒಂದು ಘಟಕ ಕೆಟ್ಟರೆ ಇಡೀ ಮಂಡಲ ಕಡಿದುಹೋಗುತ್ತದೆ ಎಂಬ ಪಠ್ಯದ ವಾಕ್ಯವನ್ನು ನಾನು ಓದಿಸುವ ಅಗತ್ಯವೇ ಬರಲಿಲ್ಲ.

ವಿವರಣೆ

ಸಮಾಂತರದಲ್ಲಿ ರೋಧ ಏಕೆ ಕಡಿಮೆ? ಪ್ರತಿಯೊಂದು ಕಾಯಿಲ್ ಪ್ರವಾಹಕ್ಕೆ ಒಂದು ದಾರಿ. ಒಂದೇ ಒತ್ತಡಕ್ಕೆ ಎರಡು ದಾರಿ ತೆರೆದರೆ ಒಟ್ಟು ಹರಿವು ಎರಡರಷ್ಟಾಗುತ್ತದೆ. ಅದೇ ವಿಭವಾಂತರಕ್ಕೆ ಎರಡರಷ್ಟು ಪ್ರವಾಹ ಎಂದರೆ ಅರ್ಧ ರೋಧ. ಸರಣಿಯಲ್ಲಿ ದಾರಿ ಒಂದೇ, ಆದರೆ ಉದ್ದ ಇಮ್ಮಡಿ.

ಇನ್ನು ಹುಡುಗನ ವಾಕ್ಯಕ್ಕೆ ಬಂದೆವು. ಆಂಪ್ಲಿಫೈಯರ್ 20 ವೋಲ್ಟ್ ಕೊಡುತ್ತಿದೆ ಎಂದು ಇಟ್ಟುಕೊಂಡು ಮಕ್ಕಳು ಲೆಕ್ಕ ಮಾಡಿದರು:

8 ಓಮ್‌ಗೆ: 2.5 ಆಂಪಿಯರ್, 50 ವ್ಯಾಟ್
4 ಓಮ್‌ಗೆ: 5 ಆಂಪಿಯರ್, 100 ವ್ಯಾಟ್
2 ಓಮ್‌ಗೆ: 10 ಆಂಪಿಯರ್, 200 ವ್ಯಾಟ್
1 ಓಮ್‌ಗೆ: 20 ಆಂಪಿಯರ್, 400 ವ್ಯಾಟ್

‘ನೋಡಿ ಮಿಸ್, ನಾನು ಹೇಳಿದ್ದು ಸರಿ ಐತೆ’ ಎಂದ ಹುಡುಗ. ಸರಿಯೇ. ಆದರೆ ಮಧ್ಯದ ಅಂಕಿಯನ್ನು ಮತ್ತೆ ಓದಲು ಹೇಳಿದೆ. ಆ 20 ಆಂಪಿಯರ್ ಎಲ್ಲಿಂದ ಬರಬೇಕು? ಆಂಪ್ಲಿಫೈಯರಿನ ಟ್ರಾನ್ಸಿಸ್ಟರ್‌ಗಳ ಮೂಲಕವೇ ಬರಬೇಕು. ಅವು 10 ಆಂಪಿಯರಿಗೆ ಮಾಡಿದವಾದರೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಸುಡ್ತಾವೆ’ ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದಳು.

ಪಾಠದ ಮುಖ್ಯ ಮಾತು ಇದು: ಓಮ್ ಕಡಿಮೆ ಮಾಡುವುದು ಆಂಪ್ಲಿಫೈಯರಿಗೆ ಶಕ್ತಿ ಕೊಟ್ಟಂತಲ್ಲ, ಅದರಿಂದ ಹೆಚ್ಚು ಪ್ರವಾಹ ಕೇಳಿದಂತೆ. ಕೊಡುವ ತಾಕತ್ತು ಎಷ್ಟಿದೆ ಎಂಬುದನ್ನು ಅದರ ಮೇಲಿನ ಚೀಟಿ ಹೇಳುತ್ತದೆ. ‘ಕನಿಷ್ಠ 2 ಓಮ್’ ಎಂದಿದ್ದರೆ 2ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ರಕ್ಷಣೆಯ ಕೆಂಪು ದೀಪ ಹತ್ತಿ ಸದ್ದು ನಿಲ್ಲಬಹುದು, ಫ್ಯೂಸ್ ಹೋಗಬಹುದು, ಅಥವಾ ಟ್ರಾನ್ಸಿಸ್ಟರ್‌ಗಳೇ ಸುಡಬಹುದು.

ಹುಡುಗ ಎದ್ದುನಿಂತು ನಿಧಾನವಾಗಿ ಹೇಳಿದ: ‘ನಮ್ಮ ಅಂಗಡಿಗೆ ಎಷ್ಟೋ ಆಂಪ್ಲಿಫೈಯರ್ ವಾಪಸ್ ಬಂದಾವೆ ಮಿಸ್. ಮಾಲು ಸರಿ ಇಲ್ಲ ಅಂತ ಅಣ್ಣ ಬೈತಿರ್ತಾನೆ.’ ಈ ಸಲ ಯಾರೂ ನಗಲಿಲ್ಲ. ಗಿರಾಕಿಯ ಹಣ, ಅಂಗಡಿಯ ಹೆಸರು, ಅಣ್ಣನ ನಷ್ಟ ಎಲ್ಲವೂ ಹಲಗೆಯ ಮೇಲಿನ ನಾಲ್ಕು ಸಾಲಿನ ಲೆಕ್ಕದಲ್ಲಿ ಅವನಿಗೆ ಕಂಡಿತ್ತು.

ವಿಸ್ತರಣೆ: ಹೊಂದಿಸುವ ಲೆಕ್ಕ

ಎರಡನೆಯ ಅವಧಿಯಲ್ಲಿ ಒಂದು ಆಂಪ್ಲಿಫೈಯರಿನ ಚೀಟಿಯನ್ನು ಹಲಗೆಯ ಮೇಲೆ ಬರೆದೆ: ‘4 ಓಮ್‌ಗೆ 150 ವ್ಯಾಟ್ ಆರ್‌ಎಂಎಸ್, 2 ಓಮ್‌ಗೆ 250 ವ್ಯಾಟ್ ಆರ್‌ಎಂಎಸ್, ಕನಿಷ್ಠ 2 ಓಮ್.’ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವ ‘1000 ವ್ಯಾಟ್’, ‘1500 ವ್ಯಾಟ್’ ಗರಿಷ್ಠ ಕ್ಷಣದ ಅಂಕಿಗಳು. ನಿರಂತರವಾಗಿ ಕೊಡಬಲ್ಲ ಆರ್‌ಎಂಎಸ್ ಅಂಕಿಯನ್ನೇ ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೋಲಿಸಬೇಕು ಎಂದು ಮೊದಲೇ ತಿಳಿಸಿದೆ. ಆಮೇಲೆ ಪ್ರತಿ ಗುಂಪಿಗೆ ಒಂದೊಂದು ಜೋಡಣೆ ಕೊಟ್ಟು, ಚಿತ್ರ ಬರೆದು ತೀರ್ಪು ಹೇಳಲು ಕೇಳಿದೆ. ಬಂದ ಉತ್ತರಗಳು:

ಒಂದು ಸಬ್‌ವೂಫರ್, 4 ಓಮ್‌ನ ಎರಡು ಕಾಯಿಲ್: ಸಮಾಂತರದಲ್ಲಿ 2 ಓಮ್, 250 ವ್ಯಾಟ್. ಹೊಂದುತ್ತದೆ. ಸರಣಿಯಲ್ಲಿ 8 ಓಮ್. ಆಂಪ್ಲಿಫೈಯರಿಗೆ ಅಪಾಯವಿಲ್ಲ, ಆದರೆ ಸಾಮರ್ಥ್ಯ 150ರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಒಂದು ಸಬ್‌ವೂಫರ್, 2 ಓಮ್‌ನ ಎರಡು ಕಾಯಿಲ್: ಸಮಾಂತರದಲ್ಲಿ 1 ಓಮ್. ಬೇಡ. ಸರಣಿಯಲ್ಲಿ 4 ಓಮ್, 150 ವ್ಯಾಟ್. ಆಗಬಹುದು.

ಎರಡು ಸಬ್‌ವೂಫರ್, ಪ್ರತಿಯೊಂದರಲ್ಲೂ 4 ಓಮ್‌ನ ಎರಡು ಕಾಯಿಲ್: ನಾಲ್ಕನ್ನೂ ಸಮಾಂತರದಲ್ಲಿ ಕೊಟ್ಟರೆ 1 ಓಮ್. ಬೇಡ. ಪ್ರತಿಯೊಂದರ ಕಾಯಿಲ್‌ಗಳನ್ನು ಸರಣಿಯಲ್ಲಿಟ್ಟು, ಆ ಎರಡು 8 ಓಮ್‌ಗಳನ್ನು ಸಮಾಂತರದಲ್ಲಿ ಕೊಟ್ಟರೆ 4 ಓಮ್. ಆಗಬಹುದು; ಒಂದೊಂದಕ್ಕೆ 75 ವ್ಯಾಟ್.

ಎರಡು ಸಬ್‌ವೂಫರ್, ಪ್ರತಿಯೊಂದರಲ್ಲೂ 2 ಓಮ್‌ನ ಎರಡು ಕಾಯಿಲ್: ಪ್ರತಿಯೊಂದನ್ನೂ ಸರಣಿಯಲ್ಲಿಟ್ಟರೆ 4 ಓಮ್, ಎರಡನ್ನೂ ಸಮಾಂತರಕ್ಕೆ ತಂದರೆ 2 ಓಮ್. ಹೊಂದುತ್ತದೆ, ಒಂದೊಂದಕ್ಕೆ 125 ವ್ಯಾಟ್.

ಕೊನೆಯ ಎರಡನ್ನು ಹೋಲಿಸಿದಾಗ ತರಗತಿಗೆ ಹೊಸದೊಂದು ಹೊಳೆಯಿತು. ಸಬ್‌ವೂಫರ್ ಕೊಳ್ಳುವ ಮೊದಲೇ ಎಷ್ಟು ಕೊಳ್ಳುತ್ತೇವೆ, ಯಾವ ಕಾಯಿಲಿನದು ಎಂದು ಲೆಕ್ಕ ಹಾಕಬೇಕು. ತಂದ ಮೇಲೆ ಹೇಗೆ ತಂತಿ ಸುತ್ತಿದರೂ ಕೆಲವೊಮ್ಮೆ ಬೇಕಾದ ಸಂಖ್ಯೆ ಬರುವುದಿಲ್ಲ.

ಎರಡು ಚಾನೆಲ್‌ಗಳನ್ನು ಸೇರಿಸಿ, ಅಂದರೆ ‘ಬ್ರಿಡ್ಜ್’ ಮಾಡಿ, ಒಂದು ಸಬ್‌ವೂಫರ್ ನಡೆಸುವ ರೂಢಿಯೂ ಇದೆ. ಆಗ ಪ್ರತಿ ಚಾನೆಲ್‌ಗೆ ಸ್ಪೀಕರಿನ ಅರ್ಧ ಓಮ್ ಮಾತ್ರ ಕಂಡಂತಾಗುತ್ತದೆ. ಆದ್ದರಿಂದಲೇ ಪ್ರತಿ ಚಾನೆಲ್‌ಗೆ ಕನಿಷ್ಠ 2 ಓಮ್ ಇರುವ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿದರೆ ಕನಿಷ್ಠ 4 ಓಮ್ ಬೇಕು.

ತಂತಿ ಮತ್ತು ಫ್ಯೂಸ್

ಉಷ್ಣ ಪರಿಣಾಮದ ಭಾಗಕ್ಕೆ ಬ್ಯಾಟರಿಯಿಂದ ಡಿಕ್ಕಿಯವರೆಗಿನ ತಂತಿಯನ್ನು ಬಳಸಿದೆ. ಡಿ ಕ್ಲಾಸ್ ಆಂಪ್ಲಿಫೈಯರಿನ ದಕ್ಷತೆ ಸುಮಾರು 80% ಎಂದು ಹಿಡಿದರೆ, 250 ವ್ಯಾಟ್ ಹೊರಬರಲು ಸುಮಾರು 312 ವ್ಯಾಟ್ ಒಳಹೋಗಬೇಕು. ಎಂಜಿನ್ ಓಡುವಾಗ 13.8 ವೋಲ್ಟ್ ಸಿಕ್ಕರೆ ಅದು ಸುಮಾರು 23 ಆಂಪಿಯರ್.

ಪಠ್ಯದ ಕೋಷ್ಟಕದಲ್ಲಿ ತಾಮ್ರದ ರೋಧಶೀಲತೆ 1.62×10⁻⁸ ಓಮ್ ಮೀಟರ್. 5 ಮೀಟರ್ ಉದ್ದ, 2.5 ಚದರ ಮಿಲಿಮೀಟರ್ ದಪ್ಪದ ಮನೆ ವೈರಿಂಗಿನ ತಂತಿಯ ರೋಧ ಸುಮಾರು 0.032 ಓಮ್. 23 ಆಂಪಿಯರಿಗೆ ಅದರಲ್ಲಿ 0.75 ವೋಲ್ಟ್ ಕಳೆದು, 17 ವ್ಯಾಟ್ ಶಾಖವಾಗುತ್ತದೆ. 16 ಚದರ ಮಿಲಿಮೀಟರಿನ ತಂತಿಯಾದರೆ 0.12 ವೋಲ್ಟ್ ಮತ್ತು 2.7 ವ್ಯಾಟ್ ಮಾತ್ರ. ಅಲ್ಯೂಮಿನಿಯಮ್‌ಗೆ ತಾಮ್ರದ ಲೇಪನ ಕೊಟ್ಟ ಅಗ್ಗದ ತಂತಿಯೂ ಸಿಗುತ್ತದೆ. ಅಲ್ಯೂಮಿನಿಯಮ್‌ನ ರೋಧಶೀಲತೆ 2.63×10⁻⁸ ಆದ್ದರಿಂದ ಅಂಥ ತಂತಿಯನ್ನು ಇನ್ನೂ ದಪ್ಪ ಆರಿಸಬೇಕು. ಶಾಖ ತಂತಿಯ ಉದ್ದಕ್ಕೂ ಹರಡಿದರೆ ತಡೆದುಕೊಳ್ಳಬಹುದು. ಸಡಿಲವಾದ ಒಂದು ಜಾಯಿಂಟಿನಲ್ಲಿ ಶಾಖ ಒಂದೇ ಕಡೆ ಕೂಡಿಕೊಳ್ಳುತ್ತದೆ. ಕರಗುವುದು, ಹೊಗೆಯಾಡುವುದು ಅಲ್ಲಿಂದಲೇ ಆರಂಭ.

‘ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇರುವಾಗ ಬ್ಯಾಟರಿಯ ಹತ್ತಿರ ಇನ್ನೊಂದು ಯಾಕೆ?’ ಎಂದು ಕೇಳಿದೆ. ಗುಂಪುಗಳು ಚಿತ್ರ ಬರೆದು ಉತ್ತರ ಕಂಡುಕೊಂಡವು. ಸೀಟಿನ ಕೆಳಗೆ ತಂತಿಯ ಕವಚ ಸವೆದು ಗಾಡಿಯ ಬಾಡಿಗೆ ತಾಗಿದರೆ ಪ್ರವಾಹ ಆಂಪ್ಲಿಫೈಯರನ್ನು ಮುಟ್ಟುವುದೇ ಇಲ್ಲ, ಅಲ್ಲಿಯ ಫ್ಯೂಸಿಗೆ ವಿಷಯವೇ ತಿಳಿಯುವುದಿಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರುವ ಫ್ಯೂಸ್ ತಂತಿಯನ್ನು ಕಾಯುತ್ತದೆ. ಅದರ ಬೆಲೆ ತಂತಿ ಹೊರಬಲ್ಲ ಪ್ರವಾಹಕ್ಕಿಂತ ಕಡಿಮೆ ಇರಬೇಕು. ಹೋದ ಫ್ಯೂಸಿನ ಜಾಗಕ್ಕೆ ತಂತಿಯ ತುಂಡು ಸುತ್ತುವುದು ಕಾವಲುಗಾರನನ್ನು ಮನೆಗೆ ಕಳಿಸಿದಂತೆ.

ಕೆಲಸದ ಕ್ರಮವನ್ನು ಹುಡುಗನಿಂದಲೇ ಹೇಳಿಸಿದೆ, ಪ್ರತಿ ಹೆಜ್ಜೆಗೆ ಕಾರಣವನ್ನು ತರಗತಿ ಕೊಟ್ಟಿತು. ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಬೇಕು. ಬಾಡಿ ಅರ್ತ್ ಕೊಡುವಲ್ಲಿ ಬಣ್ಣ ಕೆರೆದು ಬರಿಯ ಲೋಹಕ್ಕೆ ಬಿಗಿಯಬೇಕು, ಏಕೆಂದರೆ ಬಣ್ಣ ಅವಾಹಕ. ಸ್ಟೀರಿಯೊದಿಂದ ಬರುವ ಆರ್‌ಸಿಎ ತಂತಿಯನ್ನು ಒಂದು ಬದಿಯಲ್ಲಿ, ಬ್ಯಾಟರಿ ತಂತಿಯನ್ನು ಇನ್ನೊಂದು ಬದಿಯಲ್ಲಿ ಎಳೆದರೆ ಎಂಜಿನ್ನಿನ ಕೀರಲು ಸದ್ದು ಹಾಡಿಗೆ ಸೇರುವುದು ಕಡಿಮೆಯಾಗುತ್ತದೆ. ರಿಮೋಟ್ ತಂತಿ ಸ್ಟೀರಿಯೊ ಹಾಕಿದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್ ಸುಮಾರಿಗೆ ಇಟ್ಟರೆ ಕೆಳಗಿನ ಸ್ವರಗಳಷ್ಟೇ ಸಬ್‌ವೂಫರಿಗೆ ಹೋಗುತ್ತವೆ.

‘ಗೇನ್’ ಗುಂಡಿ ಸದ್ದು ಹೆಚ್ಚಿಸುವ ಗುಂಡಿಯಲ್ಲ, ಸ್ಟೀರಿಯೊದ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ ಎಂಬುದು ಹಲವರಿಗೆ ಹೊಸ ವಿಷಯ. ಸಾಮರ್ಥ್ಯವನ್ನು ರೋಧದಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟಿಗೆ ನಿಲ್ಲಿಸಬೇಕೆಂದು ತಿಳಿಯುತ್ತದೆ. 2 ಓಮ್‌ಗೆ 250 ವ್ಯಾಟ್ ಆದರೆ 500ರ ವರ್ಗಮೂಲ, ಸುಮಾರು 22.4 ವೋಲ್ಟ್. ಸ್ಪೀಕರ್ ಬಿಚ್ಚಿಟ್ಟು, 50 ಹರ್ಟ್ಸ್ ಸ್ವರ ನುಡಿಸಿ, ಮೀಟರನ್ನು ಪರ್ಯಾಯ ವೋಲ್ಟಿಗೆ ಇಟ್ಟು ಅಲ್ಲಿಯವರೆಗೆ ಮಾತ್ರ ತಿರುಗಿಸಬೇಕು. ಅದನ್ನು ಮೀರಿದರೆ ಅಲೆಯ ತಲೆ ಕತ್ತರಿಸಿದಂತಾಗಿ ಕಾಯಿಲ್‌ಗೆ ಶಾಖ ಹೆಚ್ಚುತ್ತದೆ.

ಸದ್ದು ಎಷ್ಟು ಎಂಬ ಮಾತೂ ಬಂತು. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ ಎಂದು ತಿಳಿಸಿ, ಪರೀಕ್ಷೆಗೆ ಓದುವವರು ರಸ್ತೆಬದಿಯ ಮನೆಗಳಲ್ಲೂ ಇದ್ದಾರೆ ಎಂದೆ. ಅಷ್ಟಕ್ಕೇ ಅರ್ಥವಾಯಿತು.

ಮೌಲ್ಯಮಾಪನ

1. 4 ಓಮ್ ಮತ್ತು 2 ಓಮ್‌ನ ಎರಡು ಸಬ್‌ವೂಫರ್‌ಗಳನ್ನು ಸಮಾಂತರದಲ್ಲಿ ಕೊಟ್ಟರೆ ಒಟ್ಟು ಎಷ್ಟು? (ಸುಮಾರು 1.33 ಓಮ್.) ಯಾವುದಕ್ಕೆ ಹೆಚ್ಚು ವ್ಯಾಟ್? (2 ಓಮ್‌ನದಕ್ಕೆ, ಇನ್ನೊಂದರ ಎರಡರಷ್ಟು. ಆದ್ದರಿಂದ ಬೇರೆ ಬೇರೆ ಓಮ್‌ನವನ್ನು ಬೆರೆಸಬಾರದು.)
2. ತಂತಿಯ ಉದ್ದ ಇಮ್ಮಡಿಯಾದರೆ ಶಾಖಕ್ಕೆ ಏನಾಗುತ್ತದೆ, ಪ್ರವಾಹ ಅಷ್ಟೇ ಇದ್ದರೆ? (ಇಮ್ಮಡಿಯಾಗುತ್ತದೆ.)
3. ‘ಓಮ್ ಕಡಿಮೆ ಮಾಡಿದಷ್ಟೂ ಪವರ್ ಜಾಸ್ತಿ.’ ಈ ವಾಕ್ಯವನ್ನು ತಿದ್ದಿ ಬರೆಯಿರಿ.

ಮೂರನೆಯ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗ ಬರೆದ ಉತ್ತರ ಹೀಗಿತ್ತು: ‘ಆಂಪ್ಲಿಫೈಯರ್ ತಡೆಯೋ ಓಮ್‌ವರೆಗೆ ಮಾತ್ರ.’ ಪೂರ್ಣ ಅಂಕ ಕೊಟ್ಟೆ.

ಅವಲೋಕನ

ಈ ಪಾಠದಿಂದ ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕಾದದ್ದು ಎರಡು. ಮೊದಲನೆಯದು, ಮಗುವಿನ ಕೈಯಲ್ಲಿರುವ ಅರೆಸತ್ಯವನ್ನು ತಪ್ಪೆಂದು ಅಳಿಸಬೇಡಿ, ಅದನ್ನು ಅಳತೆಗೆ ಒಡ್ಡಿ. ಅವನ ವಾಕ್ಯವನ್ನು ಹಲಗೆಯ ಮೇಲೆ ಉಳಿಸಿದ್ದರಿಂದ ತಿದ್ದುವ ಕೆಲಸವನ್ನು ಅವನೇ ಮಾಡಿದ. ಎರಡನೆಯದು, ಸೂತ್ರ ಗೊತ್ತಿಲ್ಲದ ಕೈಕೆಲಸ ಮತ್ತು ಕೈಕೆಲಸ ಕಾಣದ ಸೂತ್ರ ಒಂದೇ ತರಗತಿಯಲ್ಲಿ ಕುಳಿತಿರುತ್ತವೆ. ಅವುಗಳನ್ನು ಒಂದೇ ಗುಂಪಿಗೆ ಹಾಕಿ. ಅಂಕ ಹೆಚ್ಚು ತೆಗೆಯುವ ಹುಡುಗಿಗೆ ಮೀಟರ್ ಹಿಡಿಯುವುದನ್ನು ಇವನು ತೋರಿಸಿದ, ವರ್ಗಮೂಲ ತೆಗೆಯುವುದನ್ನು ಅವಳು ಇವನಿಗೆ ತೋರಿಸಿದಳು.

ಈ ನಿಯಮಕ್ಕೆ ಹೆಸರು ಕೊಟ್ಟ ಗಿಯೋರ್ಗ್ ಸೈಮನ್ ಓಮ್ ಕೂಡ ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದ ಶಿಕ್ಷಕ. ತನ್ನ ಅಳತೆಗಳನ್ನು ಆಧರಿಸಿದ ಪುಸ್ತಕವನ್ನು ಅವನು 1827ರಲ್ಲಿ ಪ್ರಕಟಿಸಿದ. ಇದನ್ನು ಹೇಳಿದಾಗ ಮಕ್ಕಳು ಪಠ್ಯದ ಚಿತ್ರವನ್ನು ಮತ್ತೆ ತೆರೆದು ನೋಡಿದರು.

ಎರಡನೆಯ ಅವಧಿ ಮುಗಿದ ಮೇಲೆ ಹುಡುಗ ಬಂದು, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಲು ಹತ್ತನೆಯದರಲ್ಲಿ ಎಷ್ಟು ಅಂಕ ಬೇಕಾಗುತ್ತದೆ ಎಂದು ಕೇಳಿದ. ಅವನಿಗೆ ಕೊಟ್ಟ ಮನೆಗೆಲಸ ಇದು: ಅಂಗಡಿಗೆ ವಾಪಸ್ ಬಂದ ಪ್ರತಿ ಆಂಪ್ಲಿಫೈಯರಿನ ಚೀಟಿಯಲ್ಲಿರುವ ಕನಿಷ್ಠ ಓಮ್ ಮತ್ತು ಅದಕ್ಕೆ ಜೋಡಿಸಿದ್ದ ಸ್ಪೀಕರ್‌ಗಳ ಒಟ್ಟು ಓಮ್, ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಅಣ್ಣನಿಗೆ ತೋರಿಸುವುದು.